ಹೆಸರಿಗೆ ರಾಷ್ಟ್ರೀಯ, ಖರ್ಚು ಮನೆಯವರದು

ಕೇಳುಗರೆಲ್ಲರಿಗೂ ನಮಸ್ಕಾರ.

19ನೇ ಶತಮಾನದ ಅಮೆರಿಕದಲ್ಲಿ ಸಂಗೀತವನ್ನು ದೊಡ್ಡ ಮಟ್ಟದಲ್ಲಿ ಕಲಿಯಬೇಕೆಂದರೆ ಹಡಗು ಹತ್ತಿ ಯುರೋಪಿಗೆ ಹೋಗುವುದೇ ವಾಡಿಕೆ. ದುಡ್ಡಿದ್ದವರು ಹೋಗುತ್ತಿದ್ದರು. ಇಲ್ಲದವರು ಏನು ಮಾಡಬೇಕು? ಜೆನೆಟ್ ಥರ್ಬರ್ ಎಂಬ ಮಹಿಳೆಗೆ ಈ ಚಿಂತೆ ಹತ್ತಿತ್ತು. ಪ್ಯಾರಿಸ್‌ನಲ್ಲಿ ಕಲಿತಿದ್ದ ಆಕೆ, ಅಲ್ಲಿ ಸರ್ಕಾರವೇ ಸಂಗೀತ ಶಾಲೆ ನಡೆಸುವುದನ್ನು ನೋಡಿದ್ದರು. ನಮ್ಮ ದೇಶಕ್ಕೂ ಅಂಥದ್ದು ಬೇಕು ಎಂದು 1885ರಲ್ಲಿ ನ್ಯೂಯಾರ್ಕ್‌ನಲ್ಲಿ ನ್ಯಾಷನಲ್ ಕನ್ಸರ್ವೇಟರಿ ಆಫ್ ಮ್ಯೂಸಿಕ್ ಶುರು ಮಾಡಿದರು.

ಹೆಸರೇನೋ ರಾಷ್ಟ್ರೀಯ. 1891ರಲ್ಲಿ ಅಮೆರಿಕದ ಸಂಸತ್ತು ಅಧಿಕೃತ ಮನ್ನಣೆಯನ್ನೂ ಕೊಟ್ಟಿತು. ಕೊಡದೇ ಇದ್ದದ್ದು ದುಡ್ಡು ಮಾತ್ರ! ಜೆನೆಟ್ ಅವರ ಗಂಡ ದೊಡ್ಡ ಕಿರಾಣಿ ಸಗಟು ವ್ಯಾಪಾರಿ. ಶಾಲೆಗೆ ಮುಖ್ಯ ಆಸರೆ ಆ ಮನೆಯ ಹಣವೇ.

ಆದರೆ ಈ ಶಾಲೆಯ ನಿಜವಾದ ದೊಡ್ಡತನ ಬಾಗಿಲು ತೆರೆದ ರೀತಿಯಲ್ಲಿದೆ. ಹೆಣ್ಣುಮಕ್ಕಳು, ಕಪ್ಪು ಜನರು, ಅಂಗವಿಕಲರು, ಎಲ್ಲರಿಗೂ ಪ್ರವೇಶವಿತ್ತು. ಪ್ರತಿಭೆ ಇದ್ದು ಹಣ ಇಲ್ಲದವರಿಗೆ ಶುಲ್ಕವೂ ಇರಲಿಲ್ಲ. ಗುಲಾಮಗಿರಿ ರದ್ದಾಗಿ ಆಗಿನ್ನೂ ಇಪ್ಪತ್ತು ವರ್ಷ, ನೆನಪಿರಲಿ.

1892ರಲ್ಲಿ ಜೆನೆಟ್ ಇನ್ನೊಂದು ಸಾಹಸಕ್ಕೆ ಕೈಹಾಕಿದರು. ಬೊಹೀಮಿಯಾದ (ಇಂದಿನ ಚೆಕ್ ದೇಶದ ಭಾಗ) ಹೆಸರಾಂತ ಸಂಗೀತ ರಚನಕಾರ ಆಂಟೊನಿನ್ ಡ್ವೊರ್ಜಾಕ್ ಅವರನ್ನು ನಿರ್ದೇಶಕರಾಗಿ ಕರೆಸಿದರು. ಸಂಬಳ ವರ್ಷಕ್ಕೆ 15,000 ಡಾಲರ್. ಪ್ರಾಗ್‌ನಲ್ಲಿ ಅವರಿಗೆ ಸಿಗುತ್ತಿದ್ದುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಅದೇ ವರ್ಷ ಹ್ಯಾರಿ ಬರ್ಲಿ ಎಂಬ ಕಪ್ಪು ಯುವಕ ವಿದ್ಯಾರ್ಥಿವೇತನ ಪಡೆದು ಸೇರಿದ್ದ. ಅವನ ತಾತ ಹಣ ತೆತ್ತು ಗುಲಾಮಗಿರಿಯಿಂದ ಬಿಡಿಸಿಕೊಂಡವರು. ಕಣ್ಣು ಕಾಣದ ಆ ತಾತನ ಬಾಯಿಂದಲೇ ಗುಲಾಮರ ಭಕ್ತಿಗೀತೆಗಳನ್ನು ಬರ್ಲಿ ಕಲಿತಿದ್ದ. ಅವನ್ನು ಅವನು ಹಾಡುವುದು, ಡ್ವೊರ್ಜಾಕ್ ಮೈಯೆಲ್ಲ ಕಿವಿಯಾಗಿ ಕೇಳುವುದು. ಇಲ್ಲಿ ಗುರು ಯಾರು, ಶಿಷ್ಯ ಯಾರು ಅಂತ ನನಗೆ ಅನುಮಾನ!

ಅಮೆರಿಕದ ಸಂಗೀತ ಈ ಕಪ್ಪು ಜನರ ಹಾಡುಗಳ ಮೇಲೆಯೇ ಬೆಳೆಯಬೇಕು ಎಂದು 1893ರಲ್ಲಿ ಡ್ವೊರ್ಜಾಕ್ ಪತ್ರಿಕೆಯೊಂದಕ್ಕೆ ಹೇಳಿದರು. ಹಲವರು ಹುಬ್ಬು ಗಂಟಿಕ್ಕಿದರು. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಸಂಗೀತ ಸಭಾಂಗಣ ಕಾರ್ನೆಗಿ ಹಾಲ್‌ನಲ್ಲಿ ಅವರ ಒಂಬತ್ತನೇ ಸಿಂಫನಿ, ಅಂದರೆ ದೊಡ್ಡ ವಾದ್ಯಮೇಳದ ಕೃತಿ, ಮೊದಲ ಬಾರಿಗೆ ನುಡಿದಾಗ ಜನ ಜೋರಾಗಿ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ದೇಶದಲ್ಲಿ ಆರ್ಥಿಕ ಕುಸಿತ. ಥರ್ಬರ್ ಮನೆಯ ವ್ಯಾಪಾರವೂ ಮುಗ್ಗರಿಸಿತು. ಡ್ವೊರ್ಜಾಕ್‌ಗೆ ಸಂಬಳ ತಡವಾಗತೊಡಗಿತು. ಊರಿನ ಹಂಬಲವೂ ಇತ್ತು. 1895ರಲ್ಲಿ ಹೊರಟೇಬಿಟ್ಟರು. ಮುಂದೆಯೂ ಜೆನೆಟ್ ಸರ್ಕಾರದ ನೆರವಿಗಾಗಿ ಓಡಾಡಿದರು. ಅದು ಸಿಗಲೇ ಇಲ್ಲ. ಶಾಲೆ ವರ್ಷದಿಂದ ವರ್ಷಕ್ಕೆ ಸೊರಗಿ ಕೊನೆಗೆ ಮುಚ್ಚಿತು. ಬರ್ಲಿ ಮಾತ್ರ ನ್ಯೂಯಾರ್ಕ್‌ನ ಸೇಂಟ್ ಜಾರ್ಜ್ ಚರ್ಚಿನಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಡಿದರು. ತಾತನ ಹಾಡುಗಳಿಗೆ ಪಿಯಾನೊ ಜೊತೆಗೂಡಿಸಿ ಅಚ್ಚು ಹಾಕಿಸಿದರು.

ನಮಸ್ಕಾರ.