ಎರಡಾಳು ನೀರಿನ ಕೆಳಗೆ ಕಿವಿ

ಕೇಳುಗರಿಗೆ ನಮಸ್ಕಾರ.

ಬೇಸಿಗೆ ರಜೆ ಬಂತೆಂದರೆ ವಿಜಯಪುರ, ಬಾಗಲಕೋಟೆ ಸೀಮೆಯ ತೋಟದ ಬಾವಿಗಳಲ್ಲಿ ಹುಡುಗರ ಗದ್ದಲ ಶುರುವಾಗುತ್ತದೆ. ಈಸು ಬಂದವರ ನಡುವೆ ಹಳೆಯದೊಂದು ಪಂದ್ಯ ಉಂಟು. ಮುಣುಗಿ ತಳ ಮುಟ್ಟಬೇಕು, ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಮುಷ್ಟಿ ತುಂಬ ರಾಡಿ ತರಬೇಕು. ಸೋತವರನ್ನು ಕೇಳಿ ನೋಡಿ. ದಮ್ಮು ಸಾಲಲಿಲ್ಲ ಎನ್ನುವವರಿಗಿಂತ, ಕಿವಿ ಚುಚ್ಚಿತು, ಅದಕ್ಕೇ ಮೇಲೆ ಬಂದೆ ಎನ್ನುವವರೇ ಹೆಚ್ಚು ಸಿಗುತ್ತಾರೆ. ಬೆನ್ನಿಗೆ ಸಿಲಿಂಡರ್ ಇಲ್ಲದೆ ಒಂದೇ ಉಸಿರಿನಲ್ಲಿ ಆಳಕ್ಕೆ ಹೋಗಿಬರುವ ಈ ವಿದ್ಯೆಗೆ ಫ್ರೀಡೈವಿಂಗ್ ಎನ್ನುತ್ತಾರೆ. ಇದರಲ್ಲಿ ಕಿವಿ ಕಾಯುವ ಪಾಠ ಒಂದು, ಜೀವ ಕಾಯುವ ಪಾಠ ಒಂದು. ಮೊದಲನೆಯದನ್ನು ಮುಕ್ಕಾಲು ಪಾಲು ಒಣನೆಲದ ಮೇಲೆಯೇ ಕಲಿಯಬಹುದು. ಎರಡನೆಯದಕ್ಕೆ ಇನ್ನೊಬ್ಬ ಮನುಷ್ಯ ಬೇಕೇ ಬೇಕು.

ಕಿವಿ ಯಾಕೆ ಚುಚ್ಚುತ್ತದೆ? ಸಿಹಿನೀರಿನಲ್ಲಿ 34 ಅಡಿ ಇಳಿದರೆ, ದಡದ ಮೇಲೆ ಗಾಳಿ ನಮ್ಮನ್ನು ಒತ್ತುತ್ತಿದ್ದಷ್ಟೇ ಇನ್ನೊಂದು ಒತ್ತಡ ಬಂದು ಸೇರುತ್ತದೆ. ಮೈಯೊಳಗಿನ ಗಾಳಿ ಕುಗ್ಗಿ ಅರ್ಧವಾಗುತ್ತದೆ. ಇನ್ನೂ 34 ಅಡಿ ಇಳಿದರೆ ಮೂರರಲ್ಲಿ ಒಂದು ಪಾಲು ಉಳಿಯುತ್ತದೆ. ಲೆಕ್ಕ ಗಮನಿಸಿ. ಮೊದಲ 34 ಅಡಿಗೆ ಅರ್ಧ ಹೋಯಿತು, ಮುಂದಿನ 34 ಅಡಿಗೆ ಹೋದದ್ದು ಆರರಲ್ಲಿ ಒಂದು ಪಾಲು ಮಾತ್ರ. ಕಿವಿಗೆ ಅತಿ ಹೆಚ್ಚು ಕೆಲಸ ಬೀಳುವುದು ಮೇಲಿನ ನೀರಿನಲ್ಲೇ.

ಕಿವಿ ತಮಟೆಯ ಹಿಂದೆ ನಡುಗಿವಿ ಎಂಬ ಪುಟ್ಟ ಗಾಳಿಕೋಣೆ ಇದೆ. ಅದಕ್ಕೆ ಗಾಳಿ ಬರುವ ದಾರಿ ಒಂದೇ, ಮೂಗಿನ ಹಿಂಬದಿಗೆ ತೆರೆಯುವ ಯುಸ್ಟೇಷಿಯನ್ ನಾಳ. ದೊಡ್ಡವರಲ್ಲಿ ಇದು ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದ. ಯಾವಾಗಲೂ ಮುಚ್ಚಿಕೊಂಡೇ ಇರುತ್ತದೆ, ಉಗುಳು ನುಂಗಿದಾಗ, ಆಕಳಿಸಿದಾಗ ಒಂದು ಕ್ಷಣ ತೆರೆಯುತ್ತದೆ. ಬೆಳಗಾವಿಯಿಂದ ಚೋರ್ಲಾ ಘಾಟ ಇಳಿದು ಗೋವಾಕ್ಕೆ ಹೋಗುವಾಗ ಕಿವಿ ಕಟ್ಟಿ, ಟಕ್ಕೆಂದು ಬಿಡುತ್ತದಲ್ಲ, ಅದು ಈ ನಾಳದ ಸದ್ದು. ಅಷ್ಟೂ ಘಟ್ಟ ಇಳಿದಾಗ ಆಗುವ ಒತ್ತಡದ ಬದಲಾವಣೆ ನೀರಿನಲ್ಲಿ ಮೂರಡಿ ಮುಣುಗುವಷ್ಟರಲ್ಲಿ ಆಗಿ ಹೋಗಿರುತ್ತದೆ.

ಒಳಗಿನ ಮತ್ತು ಹೊರಗಿನ ಒತ್ತಡದ ನಡುವೆ ಸುಮಾರು ನಾಲ್ಕಡಿ ನೀರಿನಷ್ಟು ವ್ಯತ್ಯಾಸ ಬಂದರೆ ನಾಳದ ಬಾಯಿ ಅಂಟಿಕೊಂಡು ಬಿಗಿದುಬಿಡುತ್ತದೆ. ಆಮೇಲೆ ಎಷ್ಟು ಊದಿದರೂ ಬಿಡುವುದಿಲ್ಲ. ಹಾಗಾಗಿ ನೋವು ಬಂದ ಮೇಲೆ ಊದುವುದು ತಡವಾದ ಕೆಲಸ. ನೀರಿಗಿಳಿಯುವ ಮೊದಲೇ ಒಮ್ಮೆ, ತಲೆ ಮುಣುಗಿದ ಕೂಡಲೇ ಇನ್ನೊಮ್ಮೆ, ಆಮೇಲೆ ಮೊದಲ 30 ಅಡಿಯವರೆಗೆ ಎರಡೆರಡು ಅಡಿಗೆ ಒಮ್ಮೆ ಕಿವಿಗೆ ಗಾಳಿ ಕೊಡುತ್ತಲೇ ಇರಬೇಕು.

ಕೊಡುವುದು ಹೇಗೆ? ಎಲ್ಲರಿಗೂ ಗೊತ್ತಿರುವುದು ಮೂಗು ಹಿಡಿದು ಎದೆಯಿಂದ ಜೋರಾಗಿ ಊದುವ ರೀತಿ. ಇಟಲಿಯ ವೈದ್ಯ ವಾಲ್ಸಾಲ್ವಾ 1704ರಲ್ಲಿ ಇದನ್ನು ವಿವರಿಸಿದ್ದರಿಂದ ಅವನ ಹೆಸರೇ ಉಳಿದಿದೆ. ನಿಂತಾಗ, ಕೂತಾಗ ನಡೆಯುವ ಈ ಉಪಾಯ ತಲೆ ಕೆಳಗಾದಾಗ ಕೈಕೊಡುತ್ತದೆ. ಹೊಟ್ಟೆಯ ಅಂಗಗಳು ಎದೆಯ ಕಡೆ ಜಾರಿರುತ್ತವೆ, ಪುಪ್ಪುಸದ ಗಾಳಿ ಕುಗ್ಗಿರುತ್ತದೆ, ಆ ಗಾಳಿಯನ್ನು ಕೆಳಗಿರುವ ತಲೆಯ ಕಡೆ ತಳ್ಳಲು ಇಡೀ ಹೊಟ್ಟೆ ಬಿಗಿಯಬೇಕಾಗುತ್ತದೆ. ಹತ್ತು ಹದಿನೈದು ಅಡಿಯಲ್ಲೇ ಅನೇಕರು ನಿಲ್ಲುವುದು ಇದಕ್ಕೇ. ಇನ್ನೂ ಜೋರಾಗಿ ಊದಿದರೆ ಒಳಕಿವಿಯ ತೆಳುಪೊರೆ ಹರಿದು ತಲೆಸುತ್ತು, ಕಿವುಡುತನ ಬರಬಹುದು. ಇದೊಂದು ವಿಷಯದಲ್ಲಿ ಹಟ ಬೇಡವೇ ಬೇಡ.

ಫ್ರೀಡೈವರ್‌ಗಳು ನೆಚ್ಚುವುದು ಫ್ರೆಂಜೆಲ್ ರೀತಿಯನ್ನು. ಜರ್ಮನಿಯ ವೈದ್ಯ ಹರ್ಮನ್ ಫ್ರೆಂಜೆಲ್ ಯುದ್ಧವಿಮಾನದ ಪೈಲಟ್‌ಗಳಿಗೆ ಕಲಿಸಿದ ವಿಧಾನ ಇದು. ಇಲ್ಲಿ ಎದೆಗೂ ಹೊಟ್ಟೆಗೂ ಕೆಲಸವಿಲ್ಲ, ಗಾಳಿ ತಳ್ಳುವುದು ನಾಲಿಗೆ. ಕೈಯಲ್ಲಿ ಒಂದು ಕನ್ನಡಿ ಹಿಡಿದು ಕೂತುಕೊಳ್ಳಿ.

ಮೊದಲು ಗಂಟಲಿನ ಬೀಗ. ಜೋಳದ ಚೀಲ ಎತ್ತುವ ಮುನ್ನ ಗಂಟಲಲ್ಲಿ ದಮ್ಮು ಕಟ್ಟುತ್ತದೆ, ಕೆಮ್ಮುವ ಮುನ್ನವೂ ಕಟ್ಟುತ್ತದೆ. ಬಾಯಿ ತೆರೆದೇ ಇಟ್ಟು, ಉಸಿರು ಒಳಗೂ ಹೋಗದಂತೆ ಹೊರಗೂ ಬಾರದಂತೆ ಅಲ್ಲೇ ತಡೆಯಿರಿ. ಹೊಟ್ಟೆ ಸಡಿಲವಾಗಿರಲಿ. ಆಮೇಲೆ ಮೆದು ಅಂಗುಳ, ಅಂದರೆ ಕಿರುನಾಲಿಗೆ ತೂಗುವ ಜಾಗ. ಬಾಯಿ ತೆರೆದು ಬರೀ ಮೂಗಿನಿಂದ ಉಸಿರು ಬಿಡಿ, ನಂತರ ಬರೀ ಬಾಯಿಂದ, ನಂತರ ಎರಡರಿಂದಲೂ ಒಟ್ಟಿಗೆ. ಎರಡರಿಂದಲೂ ಬರುವಾಗ ಅಂಗುಳ ನಡುವೆ ನಿಂತಿರುತ್ತದೆ. ನಮಗೆ ಬೇಕಾದ ಜಾಗ ಅದು. ಕಲಿಯುವವರು ಹೆಚ್ಚು ದಿನ ಒದ್ದಾಡುವುದು ಇಲ್ಲಿಯೇ, ಒಂದೆರಡು ವಾರ ಹಿಡಿದರೂ ಬೇಸರ ಪಡಬೇಡಿ.

ಕೊನೆಗೆ ನಾಲಿಗೆ. ತುಟಿ ಮುಚ್ಚಿ, ‘ತ’ ಅನ್ನಲು ಹೊರಟಂತೆ ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಒತ್ತಿ, ಎರಡೂ ಅಂಚು ಹಲ್ಲಿಗೆ ತಾಗಲಿ. ಮೂಗು ಹಿಡಿಯಿರಿ, ಗಂಟಲಿಗೆ ಬೀಗ ಹಾಕಿ. ಈಗ ‘ಕ’ ಅನ್ನಲು ಹೊರಟಂತೆ ನಾಲಿಗೆಯ ಹಿಂಭಾಗವನ್ನು ಮೇಲಕ್ಕೂ ಹಿಂದಕ್ಕೂ ಒತ್ತಿ. ಸರಿಯಾಗಿದ್ದರೆ ಬೆರಳಿನ ಕೆಳಗೆ ಮೂಗಿನ ಹೊಳ್ಳೆ ಉಬ್ಬುತ್ತದೆ, ಗಂಟಲ ಗಡ್ಡೆ ಜಿಗಿಯುತ್ತದೆ, ಎರಡೂ ಕಿವಿ ಟಕ್ ಎನ್ನುತ್ತವೆ. ಇನ್ನೊಂದು ಕೈ ಹೊಟ್ಟೆಯ ಮೇಲಿರಲಿ. ಹೊಟ್ಟೆ ಬಿಗಿದರೆ ಗಂಟಲಿನ ಬೀಗ ಬಿದ್ದಿಲ್ಲ, ನೀವು ಹಳೆಯ ರೀತಿಯಲ್ಲೇ ಊದುತ್ತಿದ್ದೀರಿ. ಕೆನ್ನೆ ಉಬ್ಬಿದರೆ ನಾಲಿಗೆಯ ಅಂಚಿನಿಂದ ಗಾಳಿ ಸೋರುತ್ತಿದೆ. ಹೊಳ್ಳೆ ಅಲುಗದಿದ್ದರೆ ಅಂಗುಳ ಮೇಲೆ ಮುಚ್ಚಿಕೊಂಡಿದೆ. ಅರ್ಧ ಉಸಿರು ಹೊರಬಿಟ್ಟು ಬೀಗ ಹಾಕಿ, ಅದೇ ಗಾಳಿಯಲ್ಲಿ ಎಂಟು ಹತ್ತು ಸಲ ಮಾಡಲು ಬಂದರೆ ಕಲಿತಂತೆ. ಆಮೇಲೆ ಹೊರಸಿನ ಮೇಲೆ ಅಂಗಾತ ಮಲಗಿ, ತಲೆಯನ್ನು ಅಂಚಿನಿಂದ ಇಳಿಬಿಟ್ಟು ಅದನ್ನೇ ಮಾಡಿ. ದಿನಕ್ಕೆ ಹತ್ತು ನಿಮಿಷ ಸಾಕು, ಮೆಲ್ಲಗೆ ಒತ್ತಿ.

ನೀರಿನ ಅಭ್ಯಾಸಕ್ಕೆ ಹತ್ತು ಹನ್ನೆರಡು ಅಡಿ ಆಳವಿರುವ ಈಜುಕೊಳ, ಕಾವಲುಗಾರರ ಒಪ್ಪಿಗೆ ಮತ್ತು ತೂಕ ಕಟ್ಟಿ ಇಳಿಬಿಟ್ಟ ಒಂದು ಹಗ್ಗ ಬೇಕು. ಮೊದಲು ಕಾಲು ಕೆಳಗೆ ಮಾಡಿ, ಒಂದು ಕೈಯಲ್ಲಿ ಹಗ್ಗ ಸರಿಸುತ್ತ, ಇನ್ನೊಂದರಲ್ಲಿ ಮೂಗು ಹಿಡಿದು ಇಳಿಯಿರಿ. ಅದು ಸಲೀಸಾದ ಮೇಲೆ ತಲೆ ಕೆಳಗೆ. ತಳ ಎಷ್ಟು ದೂರ ಎಂದು ಕತ್ತೆತ್ತಿ ನೋಡಬಾರದು, ಕತ್ತು ಹಿಂದಕ್ಕೆ ಬಾಗಿದರೆ ನಾಳ ಬಿಗಿಯುತ್ತದೆ. ಗದ್ದ ಎದೆಯ ಕಡೆಗಿರಲಿ, ಕಣ್ಣ ಮುಂದಿನ ಹಗ್ಗ ನೋಡಿ. ಒಂದು ಕಿವಿ ತಡಮಾಡುತ್ತಿದ್ದರೆ ಆ ಕಿವಿ ಮೇಲಾಗುವಂತೆ ತಲೆ ವಾಲಿಸಿ. ಆಗಲೂ ಬಿಡದಿದ್ದರೆ ಎರಡಡಿ ಮೇಲೆ ಬಂದು ಒಮ್ಮೆ ಪ್ರಯತ್ನಿಸಿ. ಬಿಡಲಿಲ್ಲವೇ, ತಿರುಗಿ ಬನ್ನಿ. ಈಜುವ ಗಾಗಲ್ ಹಾಕಿ ಆಳಕ್ಕೆ ಹೋಗಬೇಡಿ, ಅದರೊಳಗೆ ಮೂಗು ಇರುವುದಿಲ್ಲ, ಗಾಳಿ ತುಂಬಲು ದಾರಿಯಿಲ್ಲದೆ ಕಣ್ಣು ಹೀರಿದಂತಾಗಿ ರಕ್ತ ಮೂಡುತ್ತದೆ. ಮೂಗು ಮುಚ್ಚುವ ಮಾಸ್ಕ್ ಬೇಕು. ಕಿವಿಗೆ ಹತ್ತಿ, ಬಿರಡೆ ಯಾವುದೂ ಬೇಡ.

ನೆಗಡಿ ಇದ್ದ ದಿನ ನೀರು ಬೇಡ. ಮೂಗಿಗೆ ಡ್ರಾಪ್ಸ್ ಬಿಟ್ಟುಕೊಂಡು ಇಳಿಯುವವರಿದ್ದಾರೆ. ಅದರ ಪ್ರಭಾವ ನೀರಿನಲ್ಲೇ ಇಳಿದರೆ ನಾಳ ಮುಚ್ಚಿ, ಮೇಲೆ ಬರುವಾಗ ಹಿಗ್ಗುವ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ತಮಟೆ ಹರಿದರೆ ತಣ್ಣೀರು ಒಳಹೊಕ್ಕು ಜಗತ್ತೇ ತಿರುಗುತ್ತದೆ, ಹಗ್ಗ ಬಿಡದೆ ಮೇಲೆ ಬನ್ನಿ. ಮನೆಗೆ ಬಂದ ಮೇಲೆ ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ ಕಿವಿಗೆ ಬಿಡುವ ರೂಢಿ ನಮ್ಮಲ್ಲಿದೆ. ಹರಿದ ತಮಟೆಗೆ ಅದು ಸೋಂಕಿನ ದಾರಿ. ಕಿವಿ ಒಣಗಿರಲಿ, ಕಿವಿ ಮೂಗು ಗಂಟಲು ವೈದ್ಯರು ಒಳಗೆ ನೋಡಿ ಒಪ್ಪುವವರೆಗೆ ನೀರಿಗಿಳಿಯಬಾರದು.

ಕಿವಿ ಕಲಿತವನಿಗೆ ಆಳ ಸಿಗುತ್ತದೆ, ಅಪಾಯ ಶುರುವಾಗುವುದೂ ಆಗಲೇ. ಉಸಿರು ಬೇಕೆಂಬ ತಹತಹ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದರಿಂದ, ಆಮ್ಲಜನಕ ಇಳಿಯುವುದರಿಂದಲ್ಲ. ಮುಣುಗುವ ಮುನ್ನ ಬುಸುಬುಸು ಎಂದು ಇಪ್ಪತ್ತು ಸಲ ಉಸಿರಾಡುವ ಹುಡುಗರು ಆಮ್ಲಜನಕ ಕೂಡಿಡುತ್ತಿಲ್ಲ, ಎಚ್ಚರಿಸುವ ಗಂಟೆಯನ್ನು ಕಿತ್ತೆಸೆಯುತ್ತಿದ್ದಾರೆ. ತಹತಹವೇ ಇಲ್ಲದೆ ಎಚ್ಚರ ತಪ್ಪುತ್ತದೆ. ಆಳದಿಂದ ಮೇಲೆ ಬರುವಾಗ ಒತ್ತಡ ಇಳಿದು ಪುಪ್ಪುಸದಲ್ಲಿ ಆಮ್ಲಜನಕದ ಒತ್ತಡವೂ ಕುಸಿಯುತ್ತದೆ. ಆದ್ದರಿಂದ ಕೊನೆಯ 30 ಅಡಿ, ಮತ್ತು ತಲೆ ಹೊರಬಂದ ಮೇಲಿನ ಕೆಲವು ಸೆಕೆಂಡು ಹೆಚ್ಚು ಅಪಾಯದ್ದು. ಹೊರಬಂದವನು ಉಸಿರನ್ನು ಪೂರ್ತಿ ಬಿಡಬಾರದು. ಸ್ವಲ್ಪ ಬಿಟ್ಟು, ಗಬಕ್ಕನೆ ಒಳಗೆಳೆದು, ಒಂದೆರಡು ಸೆಕೆಂಡು ಹಿಡಿದು, ಹೀಗೆ ಐದಾರು ಸಲ ಮಾಡಬೇಕು.

ಜೊತೆಗಾರನ ಕೆಲಸ ಮೇಲಿನಿಂದ ಕಾಯುವುದು. ಒಬ್ಬ ಕೆಳಗೆ, ಒಬ್ಬ ಮೇಲೆ, ಇಬ್ಬರೂ ಒಟ್ಟಿಗೆ ಮುಣುಗುವಂತಿಲ್ಲ. ಕೆಳಗಿರುವವನ ಆಳಕ್ಕೆ ತಾನೂ ಹೋಗಬಲ್ಲವನೇ ಜೊತೆಗಾರ, ದಡದಲ್ಲಿ ಕೂತು ಮೊಬೈಲ್ ನೋಡುವವನಲ್ಲ. ಬಂದವನ ಮುಖವನ್ನು 30 ಸೆಕೆಂಡು ಬಿಡದೆ ನೋಡಬೇಕು. ಎಚ್ಚರ ತಪ್ಪಿದರೆ ಗದ್ದ ಹಿಡಿದು ಮುಖ ನೀರಿನ ಮೇಲಿಟ್ಟು, ಮಾಸ್ಕ್ ತೆಗೆದು, ಕಣ್ಣಿನ ಕೆಳಗೆ ಊದಿ, ಕೆನ್ನೆ ತಟ್ಟಿ, ಹೆಸರು ಹಿಡಿದು “ತಮ್ಮಾ, ಉಸಿರು ತೊಗೊ” ಎಂದು ಕೂಗಬೇಕು. ಹತ್ತು ಸೆಕೆಂಡಿನಲ್ಲಿ ಉಸಿರು ಬಾರದಿದ್ದರೆ ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಎರಡು ಸಲ ಊದಿ, ದಡಕ್ಕೆ ತಂದು 108ಕ್ಕೆ ಕರೆ ಹೋಗಲಿ. ಆಗಲೂ ಉಸಿರಿಲ್ಲದಿದ್ದರೆ ಎದೆಯ ನಡುವೆ 30 ಒತ್ತು, 2 ಊದು, ಹೀಗೆ ನಿಲ್ಲಿಸದೆ. ಹೊಟ್ಟೆ ಒತ್ತಿ ನೀರು ತೆಗೆಯುವುದು, ಕಾಲು ಹಿಡಿದು ತಿರುಗಿಸುವುದು ಅಮೂಲ್ಯ ಸಮಯ ತಿನ್ನುತ್ತವೆ. ಎಚ್ಚರವಾದವನೂ ಆ ದಿನ ಮತ್ತೆ ಮುಣುಗಬಾರದು. ಎಲ್ಲ ಸರಿಯಿದ್ದ ದಿನವೂ ಎರಡು ಮುಣುಗಿನ ನಡುವೆ, ನೀರೊಳಗಿದ್ದ ಹೊತ್ತಿನ ಎರಡರಷ್ಟಾದರೂ ಬಿಡುವು ಬೇಕು.

ಆಲಮಟ್ಟಿಯ ಹಿನ್ನೀರು, ಕೃಷ್ಣೆ, ಘಟಪ್ರಭೆ ಅಭ್ಯಾಸದ ಜಾಗಗಳಲ್ಲ. ಕೆಳಗೆ ಬಲೆ, ಮುಣುಗಿದ ಗಿಡ, ಹಳೆಯ ಗೋಡೆ ಇರುತ್ತವೆ, ಕೃಷ್ಣೆಯಲ್ಲಿ ಮೊಸಳೆಯೂ ಇದೆ. ಬಾವಿಯಲ್ಲಿ ಪಂಪಿನ ವೈರು, ಕಲ್ಲಿನ ಪಡಿ, ತಳದ ಕತ್ತಲು.

ಕೋರ್ಸು ಮಾಡಲು ಸಮುದ್ರಕ್ಕೆ ಹೋಗುವವರಿಗೆ ಒಂದು ಲೆಕ್ಕ. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ, 70 ಕಿಲೋ ಆಳನ್ನು ಸುಮಾರು ಒಂದೂಮುಕ್ಕಾಲು ಕಿಲೋ ಹೆಚ್ಚು ತೇಲಿಸುತ್ತದೆ. ತೇಲದೆ ಇಳಿಯಲು ಸೊಂಟಕ್ಕೆ ಕಟ್ಟುವ ಸೀಸದ ಬೆಲ್ಟು ಅಲ್ಲಿ ಸರಿಯಾಗಿದ್ದರೆ, ಅದನ್ನು ಇಲ್ಲಿನ ಕೊಳದಲ್ಲಿ ಕಟ್ಟುವಾಗ ಅಷ್ಟು ತೂಕ ತೆಗೆದುಬಿಡಿ. ಬೆಲ್ಟಿನ ಬಕಲ್ ಒಂದೇ ಕೈಯ ಒಂದೇ ಎಳೆತಕ್ಕೆ ಬಿಚ್ಚುತ್ತದೆಯೇ ಎಂದು ದಡದ ಮೇಲೇ ನೋಡಿಕೊಳ್ಳಿ.

ನಮಸ್ಕಾರ.