ಎಚ್ಚರಿಕೆಯ ಒತ್ತಕ್ಷರ
ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಮಂಡ್ಯಕ್ಕೆ ಹೊರಟಿದ್ದೇನೆ. ಕಿಟಕಿಯಾಚೆ ಕಾಣುತ್ತಿರುವುದು ಶ್ರೀರಂಗಪಟ್ಟಣದ ಕಾವೇರಿ. ಬ್ಯಾಗಿನಲ್ಲಿ ಎರಡು ಸಿಡಿ ಇವೆ. ಹೌದು, ಸಿಡಿನೇ.

ಮಂಡ್ಯದಲ್ಲಿ ನಮ್ಮ ಚಿಕ್ಕಪ್ಪ ಹುಡುಗರಿಗೆ ಕಂಪ್ಯೂಟರ್ ಹೇಳಿಕೊಡುತ್ತಾರೆ. ಇರುವ ನಾಲ್ಕೂ ಹಳೇ ಮಷಿನ್‌ಗಳು, ಪೆನ್‌ಡ್ರೈವ್‌ನಿಂದ ಬೂಟ್ ಆಗುವುದಿಲ್ಲ. ವಿಂಡೋಸ್ ತರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಲಿನಕ್ಸ್. ಅದರ ಡೆಬಿಯನ್ ಅನ್ನುವ ರೂಪದ ಮೇಲೆ ಅವಕ್ಕೆಂದೇ ಒಂದು ಕಟ್ಟಿದ್ದೇನೆ. ಅದನ್ನು ಮಷಿನ್‌ಗೆ ಹಾಕಿಕೊಡುವ ಇನ್‌ಸ್ಟಾಲರ್ ಪೂರ್ತಿ ಕನ್ನಡದಲ್ಲಿರಬೇಕು ಅನ್ನುವುದು ನನ್ನ ಹಟ. ಬರೀ ಅಕ್ಷರದ ಕಪ್ಪು ಪರದೆಯಾದರೆ ಜಾಗ ಉಳಿಯುತ್ತದೆ, ನಿಜ. ಆದರೆ ಆ ಪರದೆಯಲ್ಲಿ ಕನ್ನಡ ಸರಿಯಾಗಿ ಮೂಡುವುದಿಲ್ಲ. ಹಾಗಾಗಿ ಮೌಸ್, ಬಟನ್ ಇರುವ ಗ್ರಾಫಿಕಲ್ ಇನ್‌ಸ್ಟಾಲರ್ ಬೇಕೇ ಬೇಕಾಯಿತು.

ಜಾಗ ಎಷ್ಟು ಗೊತ್ತಾ? 80 ನಿಮಿಷದ ಸಿಡಿಯಲ್ಲಿ ಸೆಕೆಂಡಿಗೆ 75 ಸೆಕ್ಟರ್, ಅಂದರೆ ಮಾಹಿತಿ ತುಂಬುವ ಸಣ್ಣ ಖಾನೆಗಳು. ಒಟ್ಟು 3,60,000. ಒಂದೊಂದಕ್ಕೆ 2048 ಬೈಟ್. ನಾವು 700 ಎಂಬಿ ಅನ್ನುವುದು ಇದನ್ನೇ. ನನ್ನ ಮೊದಲ ಇಮೇಜ್, ಅಂದರೆ ಸಿಡಿಗೆ ಬರೆಯುವ ಇಡೀ ಫೈಲ್, ಅದನ್ನು ದಾಟಿಬಿಟ್ಟಿತ್ತು.

ಒಂದು ಉಪಾಯ ಮೊದಲೇ ಇತ್ತು. 2006ರಲ್ಲಿ ಉಬುಂಟು ಅನ್ನುವ ಲಿನಕ್ಸ್‌ನ 6.06 ಆವೃತ್ತಿ ಬಂದಾಗ ಲೈವ್ ಸಿಡಿಯಿಂದಲೇ ಇನ್‌ಸ್ಟಾಲ್ ಮಾಡುವ ಹಾಗಾಯಿತು. ಸಿಡಿಯಿಂದ ಓಡುವ ವ್ಯವಸ್ಥೆಯೇ ಹಾರ್ಡ್ ಡಿಸ್ಕ್‌ಗೆ ನಕಲಾಗುತ್ತದೆ. ಒಂದೇ ಸರಕನ್ನು ಎರಡು ಸಲ ತುಂಬಬೇಕಿಲ್ಲ. ನಾನೂ ಅದೇ ದಾರಿ ಹಿಡಿದೆ. ಕಿಟಕಿ, ಬಟನ್ ಮೂಡಿಸುವ ಜಿಟಿಕೆ ಅನ್ನುವ ಸಲಕರಣೆ ಡೆಸ್ಕ್‌ಟಾಪ್‌ನಲ್ಲಿ ಹೇಗೂ ಇದೆ, ಇನ್‌ಸ್ಟಾಲರನ್ನೂ ಅದರಲ್ಲೇ ಬರೆದೆ. ಫೈಲ್‌ಗಳನ್ನು ಒತ್ತಿ ಚಿಕ್ಕದು ಮಾಡಲು ಜಿಜಿಪ್ ಬಿಟ್ಟು, ಇನ್ನೂ ಬಿಗಿಯಾಗಿ ಒತ್ತುವ ಎಕ್ಸ್‌ಜೆಡ್ ಹಾಕಿದೆ. ಇಮೇಜ್ ಚೆನ್ನಾಗಿ ಇಳಿಯಿತು. ಬಿಚ್ಚುವಾಗ ಹಳೇ ಪ್ರೊಸೆಸರ್‌ಗೆ ಕಷ್ಟ, ಪರದೆಯ ಮೇಲೆ ಕಿಟಕಿಗಳು ನಿಧಾನವಾಗಿ ತೆರೆಯುತ್ತವೆ. ಅದನ್ನು ಒಪ್ಪಿಕೊಂಡೆ.

ಇನ್ನೂ ಸ್ವಲ್ಪ ಜಾಸ್ತಿ ಇತ್ತು. ಆಗ ತಪ್ಪು ಮಾಡಿದೆ. ಫಾಂಟ್‌ಗೆ ಕತ್ತರಿ ಹಾಕಿದೆ. ಕಂಪ್ಯೂಟರ್‌ನಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪಟ್ಟಿ ಯೂನಿಕೋಡ್, ಅದರಲ್ಲಿ ಕನ್ನಡಕ್ಕಿರುವುದು 128 ಸ್ಥಾನ. ಅಷ್ಟು ಸಾಕು ಅಂದುಕೊಂಡು ಉಳಿದ ಆಕಾರಗಳನ್ನೂ ಜೋಡಣೆಯ ನಿಯಮಗಳನ್ನೂ ತೆಗೆದೆ. ಒತ್ತಕ್ಷರಕ್ಕೆ ಯೂನಿಕೋಡ್‌ನಲ್ಲಿ ಬೇರೆ ಸ್ಥಾನವೇ ಇಲ್ಲ, ಅಲ್ವಾ? ಅದು ಹುಟ್ಟುವುದೇ ಫಾಂಟ್‌ನ ಒಳಗಿನ ಆ ನಿಯಮಗಳಿಂದ.

ಹೋದ ತಿಂಗಳು ಚಿಕ್ಕಪ್ಪ ಪರದೆ ನೋಡಿ ಕೇಳಿದ್ದು ಒಂದೇ ಮಾತು. "ಇದೇನ್ಲಾ ಮಗ, ಕೆಳಗಿರ್ಬೇಕಾದ ಚ ಪಕ್ಕದಲ್ ಬಂದು ಕುಂತದೆ?" ಆ ಪದ 'ಎಚ್ಚರಿಕೆ'. ಡಿಸ್ಕ್ ಅಳಿಸುವ ಮುಂಚೆ ಬರುವ ಪುಟದ ಮೊದಲ ಪದ. ಇಡೀ ಇನ್‌ಸ್ಟಾಲರ್‌ನಲ್ಲಿ ತಡವರಿಸದೆ ಓದಲೇಬೇಕಾದದ್ದು ಅದೊಂದೇ. ಅದನ್ನೇ ಮುರಿದಿದ್ದೆ. ಉಳಿದದ್ದಾದರೂ ಎಷ್ಟು? ಒಂದು ಎಂಬಿ ಕೂಡ ಇಲ್ಲ.

ರಾತ್ರಿ ಕೂತು ಫಾಂಟ್ ಪೂರ್ತಿ ವಾಪಸ್ ಹಾಕಿದೆ. ನಕಲಾಗುವಾಗ ತೋರಿಸಲು ನಾನೇ ತೆಗೆದಿದ್ದ ಫೋಟೊಗಳು ಒಳಗಿದ್ದವು: ದಸರಾ ದೀಪದಲ್ಲಿ ಅರಮನೆ, ಮಂಜಿನಲ್ಲಿ ಚಾಮುಂಡಿ ಬೆಟ್ಟ. ಅವನ್ನು ತೆಗೆದೆ. ವಾಲ್‌ಪೇಪರ್ ತೆಗೆದು ಸುಮ್ನೆ ಒಂದು ನೀಲಿ ಬಣ್ಣ ಇಟ್ಟೆ. ಇಮೇಜ್ ಸಿಡಿಯೊಳಗೆ ಕೂತಿತು.

ಈ ವಿಡಿಯೊದಲ್ಲಿ ನೀವು ಈಗ ನೋಡುತ್ತಿರುವುದು ಇವತ್ತು ಮಧ್ಯಾಹ್ನದ್ದು. ಮೌಸ್ ಚಿಕ್ಕಪ್ಪನ ಕೈಯಲ್ಲಿದೆ. "ಎಚ್ಚರಿಕೆ. ಈ ಡಿಸ್ಕ್‌ನಲ್ಲಿರುವ ಎಲ್ಲವೂ ಅಳಿಸಿಹೋಗುತ್ತದೆ." ಜೋರಾಗಿ ಓದಿದರು. ಓದಿ ಮೌಸ್‌ನಿಂದ ಕೈ ತೆಗೆದರು.

"ತಡಿಯಪ್ಪ, ಹುಡುಗ್ರು ಬರೆದಿದ್ದೆಲ್ಲ ಇದ್ರಲ್ಲೇ ಅದೆ," ಅಂತ ಪೆನ್‌ಡ್ರೈವ್ ಹುಡುಕಲು ಎದ್ದು ಹೋದರು.