ಸಂಘದ ಕಚೇರಿ ಸ್ಥಳಾಂತರ: ವಿಳಾಸ, ಕಡತ, ತೂಕ

ಎಲ್ಲರಿಗೂ ನಮಸ್ಕಾರ. ವೃತ್ತಿಪರ ಸಂಘಗಳ ಪದಾಧಿಕಾರಿಗಳು, ಕಚೇರಿ ನೋಡಿಕೊಳ್ಳುವವರು ಇಲ್ಲಿ ಸೇರಿದ್ದೀರಿ. ಹಾಗಾಗಿ ಪೀಠಿಕೆ ಬೇಡ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ಸ್ಥಳಾಂತರ ಎಂದ ಕೂಡಲೇ ಸಮಿತಿ ಸಭೆಗಳಲ್ಲಿ ಲಾರಿ, ಮೇಜು, ಕುರ್ಚಿ, ಗೋಡೆಯ ಬಣ್ಣದ ಮಾತು ಏಳುತ್ತದೆ. ಇವೆಲ್ಲ ಸುಲಭದ ಕೆಲಸ. ಕಷ್ಟದ್ದು ವಿಳಾಸ. ಸಂಘದ ಸದಸ್ಯರು ದಿನಾ ಕಚೇರಿಗೆ ಬರುವವರಲ್ಲ. ವರ್ಷಕ್ಕೊಮ್ಮೆ ಚಂದಾ ಕಳಿಸುತ್ತಾರೆ, ಎಂದೋ ಒಮ್ಮೆ ಹಳೆಯ ಪ್ರಮಾಣಪತ್ರದ ನಕಲು ಕೇಳುತ್ತಾರೆ. ಅವರ ಕಪಾಟಿನಲ್ಲಿರುವ ಹಳೆಯ ರಸೀದಿಯ ಮೇಲಿನ ವಿಳಾಸವೇ ಅವರ ಪಾಲಿಗೆ ಸಂಘ.

ಮೊದಲು ದಿನಾಂಕ. ಲೀಸ್ ಮುಗಿಯುವ ತಿಂಗಳನ್ನಷ್ಟೇ ನೋಡಿ ನಿರ್ಧರಿಸಬೇಡಿ. ಚಂದಾ ನವೀಕರಣ, ಪರೀಕ್ಷೆ, ಚುನಾವಣೆ, ವಾರ್ಷಿಕ ಸರ್ವಸದಸ್ಯರ ಸಭೆ, ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ನೋಡಿ. ಸಭೆಯ ನೋಟಿಸ್ ಹೊರಟ ದಿನದಿಂದ ಸಭೆ ಮುಗಿಯುವವರೆಗೆ ಕಚೇರಿ ಕದಲಬಾರದು. ಕೊನೆಯ ದಿನ ಬಂದ ನಾಮಪತ್ರವೊಂದು ಬೀಗ ಹಾಕಿದ ಹಳೆಯ ಬಾಗಿಲಿಗೆ ತಲುಪಿದರೆ, ತಕರಾರು ಕಚೇರಿಯ ಮೇಲಲ್ಲ, ಇಡೀ ಚುನಾವಣೆಯ ಮೇಲೆ ಬರುತ್ತದೆ. ಬೇರೆ ದಾರಿಯೇ ಇಲ್ಲವೆಂದಾದರೆ ನೋಟಿಸಿನಲ್ಲೇ ಎರಡೂ ವಿಳಾಸ ಮುದ್ರಿಸಿ, ಯಾವುದು ಎಂದಿನಿಂದ ಎಂದು ಬರೆದು, ಹಳೆಯ ಜಾಗದಲ್ಲಿ ಒಬ್ಬರನ್ನು ಕೂರಿಸಿ.

ಆಮೇಲೆ ಬೈಲಾ, ಅಂದರೆ ಸಂಘದ ನಿಯಮಾವಳಿ, ತೆರೆಯಿರಿ. ಕೆಲವು ಸಂಘಗಳ ಬೈಲಾದಲ್ಲಿ ಊರಿನ ಹೆಸರಷ್ಟೇ ಇರುತ್ತದೆ, ಕೆಲವುಗಳಲ್ಲಿ ಕಟ್ಟಡದ ಸಂಖ್ಯೆಯೂ ಇರುತ್ತದೆ. ಎರಡನೆಯದಾದರೆ ಕಾರ್ಯಕಾರಿ ಸಮಿತಿಯ ನಿರ್ಣಯ ಸಾಲದೆ ಹೋಗಬಹುದು. ಸರ್ವಸದಸ್ಯರ ಸಭೆ ಕರೆದು ತಿದ್ದುಪಡಿ ಮಾಡಬೇಕಾಗುತ್ತದೆ. ಆ ತಿದ್ದುಪಡಿಯಲ್ಲೇ, ನಿಮ್ಮ ಕಾನೂನು ಒಪ್ಪಿದರೆ, ಬಾಗಿಲು ಸಂಖ್ಯೆಯನ್ನು ತೆಗೆದುಬಿಡಿ. ಮುಂದಿನವರು ನಿಮ್ಮನ್ನು ನೆನೆಯುತ್ತಾರೆ. ಕ್ರಮವೂ ಮುಖ್ಯ: ಮೊದಲು ನೋಂದಣಾಧಿಕಾರಿ, ನಂತರ ಬ್ಯಾಂಕ್ ಮತ್ತು ತೆರಿಗೆ ಇಲಾಖೆ. ಬ್ಯಾಂಕಿನವರು ಸಾಮಾನ್ಯವಾಗಿ ಹೊಸ ವಿಳಾಸಕ್ಕೆ ಪುರಾವೆ ಕೇಳುತ್ತಾರೆ, ಅದು ಸಿಗುವುದು ನೋಂದಣಿ ದಾಖಲೆಯಿಂದ. ವಿಳಾಸ ಬದಲಾವಣೆ ಮತ್ತು ಖಾತೆಗೆ ಸಹಿ ಮಾಡುವವರ ಬದಲಾವಣೆ ಒಟ್ಟಿಗೆ ಬಂದರೆ ಅರ್ಜಿ ಅಲ್ಲೇ ತೊಡರಿಕೊಳ್ಳುತ್ತದೆ. ಒಂದು ಮುಗಿದ ಮೇಲೆ ಇನ್ನೊಂದು.

ಎರಡು ಕಡೆ ಒಂದು ತಿಂಗಳು ಬಾಡಿಗೆ ಕಟ್ಟುವುದು ಖಜಾಂಚಿಗಳ ಕಣ್ಣಿಗೆ ದುಂದು. ಆದರೆ ಹಳೆಯ ಕರಾರಿನಲ್ಲಿ ಜಾಗವನ್ನು ಮೊದಲಿನ ಸ್ಥಿತಿಗೆ ತಂದು ಒಪ್ಪಿಸಬೇಕೆಂಬ ಷರತ್ತು ಇದ್ದರೆ, ಪಾರ್ಟಿಷನ್ ಕಳಚಿ, ಕೇಬಲ್ ಕಿತ್ತು, ಬೋರ್ಡಿನ ರಂಧ್ರ ಮುಚ್ಚಲು ಖಾಲಿ ಜಾಗವೇ ಬೇಕು. ಮಾಲೀಕರ ಜೊತೆ ನಿಂತು ನೋಡಿ, ಫೋಟೊ ತೆಗೆದು, ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿ. ಠೇವಣಿ ವಾಪಸಾಗದಿರುವುದಕ್ಕೆ ಈ ಹಾಳೆ ಇಲ್ಲದಿರುವುದೇ ಎಷ್ಟೋ ಸಲ ಕಾರಣ.

ಈಗ ಕಾಗದ. ಇದರ ತೂಕವನ್ನು ಯಾರೂ ಲೆಕ್ಕ ಹಾಕುವುದಿಲ್ಲ. 80 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ, ಎ4 ಹಾಳೆ ಒಂದಕ್ಕೆ 5 ಗ್ರಾಂ. 500 ಹಾಳೆಯ ಕಟ್ಟು 2.5 ಕೆ.ಜಿ., ದಪ್ಪ ಸುಮಾರು 5 ಸೆಂ.ಮೀ. ಅಂದರೆ ಒತ್ತಾಗಿ ಜೋಡಿಸಿದ ಒಂದು ಮೀಟರ್ ಕಾಗದ 50 ಕೆ.ಜಿ. 90 ಸೆಂ.ಮೀ. ಅಗಲದ, ಐದು ಅರೆಯ ಬೀರು ತುಂಬಿದರೆ 225 ಕೆ.ಜಿ., ಬೀರುವಿನ ಸ್ವಂತ ತೂಕ ಬೇರೆ. ಕಡತಗಳ ನಡುವೆ ಗಾಳಿ ಇರುತ್ತದೆ, ಕಾಲುಭಾಗ ಕಳೆಯಿರಿ. ಆದರೂ 170ರ ಹತ್ತಿರ. ಕಚೇರಿ ಕಟ್ಟಡದ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 250ರಿಂದ 300 ಕೆ.ಜಿ. ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ, ಬೀರು ನಿಲ್ಲುವುದೋ ಅರ್ಧ ಚದರ ಮೀಟರಿಗಿಂತ ಕಡಿಮೆ ಜಾಗದಲ್ಲಿ. ಸಾಲುಗಳ ನಡುವೆ ಓಡಾಡಲು ದಾರಿ ಬಿಟ್ಟಾಗ ಸರಾಸರಿ ತಗ್ಗುತ್ತದೆ. ಜಾಗ ಉಳಿಸಲೆಂದು ಹಳಿಯ ಮೇಲೆ ಸರಿಯುವ ಕಪಾಟು ಹಾಕಿಸಿದಿರೋ, ಆ ದಾರಿಯೇ ಮಾಯ. ಭಾರ ಎರಡು ಪಟ್ಟನ್ನೂ ಮೀರಬಹುದು. ಕರಾರಿಗೆ ಸಹಿ ಹಾಕುವ ಮುಂಚೆಯೇ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಲಿಖಿತ ಅಭಿಪ್ರಾಯ ತೆಗೆದುಕೊಳ್ಳಿ. ನೆಲಮಾಳಿಗೆಯಲ್ಲಿ ಭಾರದ ಚಿಂತೆ ಕಡಿಮೆ, ನೀರಿನ ಚಿಂತೆ ಹೆಚ್ಚು.

ಆದ್ದರಿಂದ ಮೂರು ತಿಂಗಳ ಮೊದಲೇ ಕಡತ ವಿಂಗಡಿಸಿ. ನಡಾವಳಿ ಪುಸ್ತಕ, ಸದಸ್ಯರ ರಿಜಿಸ್ಟರ್ ಶಾಶ್ವತ. ಮೊಕದ್ದಮೆಗೋ ಶಿಸ್ತು ವಿಚಾರಣೆಗೋ ಸಂಬಂಧಿಸಿದ್ದನ್ನು ಅವಧಿ ಮೀರಿದ್ದರೂ ಮುಟ್ಟಬೇಡಿ. ಉಳಿದದ್ದರಲ್ಲಿ ಇಟ್ಟುಕೊಳ್ಳಬೇಕಾದ ಅವಧಿ ಮುಗಿದದ್ದನ್ನು ರದ್ದಿಗೆ ಹಾಕದೆ ಯಂತ್ರದಲ್ಲಿ ಚೂರು ಮಾಡಿಸಿ. ಅದರಲ್ಲಿ ಸದಸ್ಯರ ಸಹಿ, ಜನ್ಮದಿನಾಂಕ, ಖಾತೆ ಸಂಖ್ಯೆ ಎಲ್ಲ ಇರುತ್ತವೆ. ಹಳೆಯ ಲೆಟರ್‌ಹೆಡ್, ಹಳೆಯ ರಬ್ಬರ್ ಸ್ಟಾಂಪಿಗೂ ಇದೇ ಗತಿ.

ಪೆಟ್ಟಿಗೆ ಸಣ್ಣದಿರಲಿ. 40×30×30 ಸೆಂ.ಮೀ. ಪೆಟ್ಟಿಗೆಯನ್ನೂ ಬರೀ ಕಾಗದದಿಂದ ಒತ್ತಿ ತುಂಬಿದರೆ 25 ಕೆ.ಜಿ. ದಾಟಿ ತಳ ಕಿತ್ತುಕೊಳ್ಳುತ್ತದೆ, 15ಕ್ಕೆ ನಿಲ್ಲಿಸಿ. ಸಂಖ್ಯೆಯನ್ನು ಮುಚ್ಚಳದ ಮೇಲಲ್ಲ, ಎರಡು ಪಕ್ಕಗಳಲ್ಲಿ ಬರೆಯಿರಿ, ಒಂದರ ಮೇಲೊಂದು ಪೇರಿಸಿದಾಗ ಮುಚ್ಚಳ ಕಾಣುವುದಿಲ್ಲ. ಒಳಗೇನಿದೆ ಎಂಬುದು ಪಟ್ಟಿಯಲ್ಲಿ ಮಾತ್ರ ಇರಲಿ. ‘ಶಿಸ್ತು ಸಮಿತಿ’ ಎಂದು ಹೊರಗೆ ಬರೆದ ಪೆಟ್ಟಿಗೆಯ ಮೇಲೆ ಎಲ್ಲರ ಕಣ್ಣೂ ಬೀಳುತ್ತದೆ. ಮೊಹರು, ನಡಾವಳಿ, ಖಾಲಿ ಪ್ರಮಾಣಪತ್ರಗಳು ಲಾರಿ ಹತ್ತಬಾರದು. ಇಬ್ಬರು ಪದಾಧಿಕಾರಿಗಳು ಕ್ರಮಸಂಖ್ಯೆ ಎಣಿಸಿ, ಸಹಿ ಮಾಡಿ, ಕೈಯಲ್ಲೇ ಒಯ್ಯಲಿ.

ಮಾಜಿ ಅಧ್ಯಕ್ಷರ ಭಾವಚಿತ್ರಗಳ ಬಗ್ಗೆ ಒಂದೇ ಮಾತು: ಎಲ್ಲಿ, ಯಾವ ಕ್ರಮದಲ್ಲಿ ತೂಗುಹಾಕುವುದೆಂದು ಮೊದಲೇ ನಿರ್ಣಯ ಬರೆದಿಡಿ. ಹೊಸ ಗೋಡೆ ಹಳೆಯದಕ್ಕಿಂತ ಚಿಕ್ಕದಾದರೆ ಬೇರೆ ಯಾವ ವಿಷಯಕ್ಕೂ ಆಗದಷ್ಟು ಜಗಳ ಇದಕ್ಕೆ ಆದೀತು.

ಇಂಟರ್ನೆಟ್ ಸಂಪರ್ಕಕ್ಕೆ ಕರಾರು ಆದ ದಿನವೇ ಅರ್ಜಿ ಹಾಕಿ. ಕೇಬಲ್ ಎಳೆಯಲು ಕಟ್ಟಡದ ಮಾಲೀಕರ ಒಪ್ಪಿಗೆಗೇ ವಾರಗಳು ಹೋಗುತ್ತವೆ. ಸರ್ವರ್ ಕಚೇರಿಯಲ್ಲೇ ಇದ್ದರೆ ಬ್ಯಾಕಪ್ ಎರಡು ಮಾಡಿ, ಒಂದು ಬೇರೆ ವಾಹನದಲ್ಲಿ ಹೋಗಲಿ. ಬ್ಯಾಕಪ್ಪಿನಿಂದ ಸದಸ್ಯರ ದತ್ತಾಂಶ ನಿಜಕ್ಕೂ ಮರಳಿ ತೆರೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ಸರ್ವರಿನ ಹೆಸರಿಗೆ ಅದರ ಐಪಿ ವಿಳಾಸ, ಅಂದರೆ ಅಂತರ್ಜಾಲದಲ್ಲಿನ ಸಂಖ್ಯೆ, ಯಾವುದೆಂದು ಹೇಳುವುದು ಡಿಎನ್‌ಎಸ್ ದಾಖಲೆ; ಅದನ್ನು ಬೇರೆ ಕಂಪ್ಯೂಟರುಗಳು ನೆನಪಿಟ್ಟುಕೊಳ್ಳುವ ಅವಧಿ ಟಿಟಿಎಲ್. ಅದು 86,400 ಸೆಕೆಂಡ್ ಇದ್ದರೆ ಹಳೆಯ ಐಪಿ ವಿಳಾಸ ಇಡೀ ದಿನ ಅಂಟಿಕೊಂಡಿರಬಹುದು. ಸ್ಥಳಾಂತರಕ್ಕೆ ಎರಡು ದಿನ ಮೊದಲು 300ಕ್ಕೆ ಇಳಿಸಿ. ಹಳೆಯ ದೂರವಾಣಿ ಸಂಖ್ಯೆಯನ್ನು ರದ್ದು ಮಾಡುವ ಮುನ್ನ, ಯಾವ ಖಾತೆಯ ಒಟಿಪಿ ಅದಕ್ಕೆ ಬರುತ್ತದೆ ಎಂದು ನೋಡಿಕೊಳ್ಳಿ.

ಕೊನೆಗೆ ಅಂಚೆ. ಅಂಚೆ ಇಲಾಖೆಯ ಮರುನಿರ್ದೇಶನಕ್ಕೆ ಅವಧಿ ಇರುತ್ತದೆ, ಕೊರಿಯರ್ ಅದಕ್ಕೆ ಒಳಪಡುವುದಿಲ್ಲ. ಹಳೆಯ ಕಟ್ಟಡದವರ ಜೊತೆ ಮಾತಾಡಿ ವಾರಕ್ಕೊಮ್ಮೆ ಟಪಾಲು ತರಿಸಿ, ಕಳುಹಿಸಿದವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದು, ಪ್ರತಿಯೊಬ್ಬರಿಗೂ ಹೊಸ ವಿಳಾಸ ತಿಳಿಸಿ. ಚಂದಾ ನವೀಕರಣದ ಒಂದು ಸುತ್ತು ಪೂರ್ತಿ ಕಳೆದು, ಆ ಪುಸ್ತಕದಲ್ಲಿ ಹೊಸ ಹೆಸರು ಸೇರುವುದು ನಿಂತ ಮೇಲೆ ಈ ಏರ್ಪಾಡನ್ನು ನಿಲ್ಲಿಸಬಹುದು. ಪ್ರಶ್ನೆಗಳಿದ್ದರೆ ಕೇಳಿ.